ಭಂಡಾರಿ, ನಾನು ಮತ್ತು ನನ್ನ ಸೀನು

ನಮ್ಮ ಕಡೆ ಒಂಟಿ ಸೀನು ಅಂದರೆ ಅಪಶಕುನ. ಯಾರಾದರೂ ಮನೆಯಿಂದ ಹೊರಡುವಾಗ ಇನ್ನೊಬ್ಬರು ಒಮ್ಮೆ ಸೀನಿದರೆ ಮುಗಿಯಿತು, ಹೊರಟವರು ತಿರುಗಿ ಬಂದು, ಕುಂತು, ಒಂದು ಗುಟುಕು ನೀರು ಕುಡಿದೇ ಮತ್ತೆ ಏಳಬೇಕು. ಇಂಥ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡ ಹೆಂಗಸಿಗೆ ಸೀನಿನ ಬೇನೆಯೇ ಅಂಟಿಕೊಂಡರೆ ಏನು ಗತಿ, ನೀವೇ ಹೇಳಿ. ಮದುವೆಯ ಜಂಪರ್ ಒಯ್ಯಲು ಬಂದ ಹುಡುಗಿ ಪೊಟ್ಟಣ ಹಿಡಿದು ಹೊಸ್ತಿಲ ಮೇಲೆ ಕಾಲಿಟ್ಟಿದ್ದಳು, ಆಗಲೇ ನಾನು ಸೀನಿದೆ.

"ಅಯ್ಯ, ಇನ್ನೊಂದು ಶೀನ್ರಿ ಅಕ್ಕಾರ," ಎಂದು ಅವಳು ಅಂಗಲಾಚಿದಳು. "ಎರಡಾದ್ರ ಏನೂ ದೋಷ ಇಲ್ಲಂತ."

ಬೇಕು ಅಂದಾಗ ಬರಲು ಸೀನೇನು ಕರೆದ ಆಳೇ? ಅವಳನ್ನು ಕೂಡ್ರಿಸಿ, ನೀರು ಕೊಟ್ಟು, ಮತ್ತೆ ಎಬ್ಬಿಸಿ ಕಳಿಸುವಷ್ಟರಲ್ಲಿ ಒಂದರ ಹಿಂದೊಂದು ಮೂರು ಬಂದವು. ಮೂರಕ್ಕೆ ಶಾಸ್ತ್ರ ಏನು ಹೇಳುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಒಳಗಿನಿಂದ ನಮ್ಮ ಅತ್ತೆಯೇ ತೀರ್ಪು ಕೊಟ್ಟರು. "ಮೂರು ಅಂದ್ರ ನೆಗಡಿ. ಹೋಗವಾ ತಂಗಿ, ನಿನ್ನ ಮದುವಿಗೇನೂ ಆಗೂದಿಲ್ಲ."

ಅದು ನೆಗಡಿ ಅಲ್ಲ ಎಂದು ತಿಳಿಯಲು ನಮಗೆ ಒಂದು ಮಳೆಗಾಲ ಹಿಡಿಯಿತು. ಏನು ಎಂದು ತಿಳಿಯಿತೋ ಇಲ್ಲವೋ, ಅದನ್ನು ಈ ಕಥೆ ಓದಿದ ಮೇಲೆ ನೀವು ಹೇಳಬೇಕು. ನನಗಂತೂ ಇನ್ನೂ ಪೂರ್ತಿ ತಿಳಿದಿಲ್ಲ.

ನಾನು ಸುವರ್ಣಾ. ಸವದತ್ತಿಯಲ್ಲಿ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮುಂದಿನ ಖೋಲಿಯೇ ನನ್ನ ಅಂಗಡಿ, ಕಿಟಕಿಯ ಬದಿಗೆ ಮಷೀನು. ಗಂಡ ಈರಣ್ಣ ಟೆಂಪೋ ಓಡಿಸುತ್ತಾರೆ, ಬೈಲಹೊಂಗಲ ಪೇಟೆಗೆ ಮಾಲು ಹಾಕಿ ಬರುವುದು ಅವರ ದಿನದ ಕೆಲಸ. ಮಗಳು ಸಹನಾ ಒಂಬತ್ತನೇ ಇಯತ್ತೆ. ಅತ್ತೆ ನೀಲವ್ವ, ಮನೆಯ ಹೈಕೋರ್ಟು. ಇನ್ನೊಬ್ಬ ಸದಸ್ಯ ಭಂಡಾರಿ, ನಮ್ಮ ನಾಯಿ.

ಭಂಡಾರಿ ಬಂದದ್ದೂ ಅತ್ತೆಯಿಂದಲೇ. ಆ ಮಳೆಗಾಲಕ್ಕೆ ಮುಂಚಿನ ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ಒಂದು ಮರಿ ಅವರ ಸೀರೆಯ ಸೆರಗು ಮೂಸುತ್ತ ಗುಡ್ಡ ಇಳಿದು ಬಂತು. ಮೈತುಂಬ ಅರಿಷಿಣದ ಭಂಡಾರ ಬಿದ್ದು ಹಳದಿಯಾಗಿತ್ತು. ಮನೆಗೆ ತಂದು ಬಿಸಿನೀರಲ್ಲಿ ತೊಳೆದರೆ ಒಳಗಿನ ಮೈಯೂ ಹಳದಿಯೇ! "ತಾಯಿನs ಬಣ್ಣಾ ಹಚ್ಚಿ ಕಳಿಸ್ಯಾಳ," ಎಂದರು ಅತ್ತೆ. ನಾಯಿಯನ್ನು ಅಂಗಳದಿಂದ ಈಚೆಗೆ ಬಿಟ್ಟುಕೊಳ್ಳದಿದ್ದ ಹೆಂಗಸು, ಅಂದಿನಿಂದ ತಮ್ಮ ಮಂಚದ ಮೇಲೆ ಅದಕ್ಕೆ ಜಾಗ ಕೊಟ್ಟರು. ಹಗಲೆಲ್ಲ ಅದು ಅತ್ತೆಯ ಕೌದಿಯ ಮೇಲೆ ಮಲಗುವುದು, ಸಂಜೆಗೆ ನನ್ನ ಮಷೀನಿನ ಕೆಳಗೆ ಬಂದು ಪೆಡಲಿನ ಬದಿಗೆ ಗದ್ದ ಇಟ್ಟು ಕೂಡುವುದು. ಮಷೀನು ಓಡುವಾಗ ಅದರ ಕಿವಿ ನನ್ನ ಪಾದಕ್ಕೆ ತಾಗುತ್ತಿತ್ತು. ನನಗೆ ಅದರ ಮೇಲೆ ಬಹಳ ಪ್ರೀತಿ, ಸುಳ್ಳು ಯಾಕೆ ಹೇಳಲಿ.

ಮಳೆ ಹಿಡಿದ ಮೇಲೆ ಸೀನು ಶುರುವಾಯಿತು. ಮುಂಜಾನೆ ಎದ್ದ ಕೂಡಲೇ ಕಣ್ಣು ತುರಿಕೆ, ಮೂಗು ಕಟ್ಟುವುದು, ಮೂಗಿನೊಳಗೆ ಯಾರೋ ದಾರ ಎಳೆದಾಡಿದ ಹಾಗೆ. ಮಧ್ಯಾಹ್ನಕ್ಕೆ ಇಳಿಯುವುದು, ಸಂಜೆಗೆ ಮತ್ತೆ ಏರುವುದು. ಊರಿನ ಡಾಕ್ಟರು ಗುಳಿಗೆ ಕೊಟ್ಟರು. ನುಂಗಿದ ದಿನ ಆರಾಮ, ಬಿಟ್ಟ ದಿನ ಮತ್ತೆ ಅದೇ ರಾಗ. ಒಂದು ಮುಂಜಾನೆ ಉಸಿರು ಬಿಡುವಾಗ ಎದೆಯಲ್ಲಿ ಸಣ್ಣಗೆ ಸೀಟಿ ಕೇಳಿಸಿತು. ನಾನು ಹಾಸಿಗೆಯಲ್ಲೇ ಎದ್ದು ಕೂತೆ.

ಆ ಸೀಟಿ ನನಗೆ ಗೊತ್ತಿತ್ತು. ನಮ್ಮ ಅಪ್ಪನಿಗೆ ದಮ್ಮು ಇತ್ತು. ಸುರೇಬಾನದ ತವರುಮನೆಯಲ್ಲಿ ಕಂಬಕ್ಕೆ ಕೈ ಕೊಟ್ಟು, ಎರಡು ಹೆಜ್ಜೆ ನಡೆದು ನಿಲ್ಲುತ್ತಿದ್ದ ಅಪ್ಪನನ್ನು ನೋಡುತ್ತ ಬೆಳೆದವಳು ನಾನು. ಸೀನಿಗೆ ನಾನು ಹೆದರಿರಲಿಲ್ಲ, ಆ ಕಂಬಕ್ಕೆ ಹೆದರಿದೆ.

"ಧಾರವಾಡಕ್ಕ ಹೋಗೂಣ್ರಿ," ಎಂದೆ ಗಂಡನಿಗೆ.

"ಶೀನಿಗೆ ಧಾರವಾಡಾ? ಮೂಗಿಗಿಂತ ಮೂಗುತಿ ಭಾರ ಆತಲ್ಲ," ಎಂದು ನಕ್ಕರು. ನನ್ನ ಮುಖ ನೋಡಿದ ಮೇಲೆ ನಗು ನಿಲ್ಲಿಸಿ, "ಆತು, ಸೋಮಾರ ಹೋಗೂಣು," ಎಂದರು.

ಪರೀಕ್ಷೆಗೆ ಮುಂಚೆ ಗುಳಿಗೆ ನಿಲ್ಲಿಸಿ ಬರಬೇಕೆಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ್ದರು. ಹೀಗಾಗಿ ಧಾರವಾಡದ ತನಕ ಬಸ್ಸಿನ ತುಂಬ ನನ್ನದೇ ಕಾರುಬಾರು. ಮುಂದಿನ ಸೀಟಿನ ಅಜ್ಜ ಸಾಕಾಗಿ ಎದ್ದು ಹಿಂದೆ ಹೋದ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಬೇರೆಯೇ ಸಂಕಟ. ಒಂದು ಕಡೆ ಗಂಟಲಿಗೆ ಆಪರೇಷನ್ ಆದ ತಾಯಿ, ಇನ್ನೊಂದು ಕಡೆ ಮುರಗೋಡದಿಂದ ಬಂದ ಒಬ್ಬ ರೈತ, ಎರಡೂ ಕಿವಿ ಕೇಳಿಸುತ್ತಿಲ್ಲ. ಅವರ ಹೆಂಡತಿ ನನ್ನನ್ನು ಕೇಳಿದರು, "ನಿಮಗೇನಾಗೇತ್ರಿ?"

"ಶೀನು ಬರತಾವ್ರಿ," ಎಂದೆ.

"ಮತ್ತ?"

"ಅಷ್ಟರಿ."

ನನಗೆ ನೆಲ ಬಾಯಿ ತೆರೆದರೆ ಸಾಕೆನಿಸಿತು. ಸಣ್ಣ ಬೇನೆಯ ಕಷ್ಟವೇ ಇದು. ಯಾರೂ ಬಾಳೆಹಣ್ಣು ಹಿಡಿದು ನೋಡಲು ಬರುವುದಿಲ್ಲ, ಮಲಗಿಕೋ ಎನ್ನುವುದಿಲ್ಲ. ನಿಮಗೂ ಇಂಥದ್ದೇ ಏನಾದರೂ ಇದ್ದರೆ, ನಾಚಿಕೆ ಪಡಬೇಡಿ ಎಂದು ಹೇಳಲಿಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ. ನನ್ನ ಸೀನಿನ ಸದ್ದಿಗೆ ಕಿವಿ ಕೇಳದ ಆ ರೈತ ಒಮ್ಮೆ ತಿರುಗಿ ನೋಡಿದರು. ಅವರ ಹೆಂಡತಿಗೆ ಎಷ್ಟು ಖುಷಿಯಾಯಿತೆಂದರೆ, "ಇನ್ನೊಮ್ಮಿ ಶೀನ್ರಿ ನೋಡೂಣು," ಎಂದರು.

ಒಳಗೆ ನನ್ನ ಮುಂಗೈ ಮೇಲೆ ಸಾಲಾಗಿ ಹನಿ ಬಿಟ್ಟು, ಒಂದೊಂದು ಹನಿಗೂ ಸೂಜಿಯಿಂದ ಸಣ್ಣಗೆ ಚುಚ್ಚಿದರು. ಸೂಜಿಗೆ ನಾನೇಕೆ ಹೆದರಲಿ, ದಿನಾ ಅದರ ಜೊತೆಗೇ ಬದುಕು. ಸ್ವಲ್ಪ ಹೊತ್ತಿಗೆ ಎರಡು ಕಡೆ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತು. ಡಾಕ್ಟರು ನನ್ನ ವಯಸ್ಸಿನ ಹೆಣ್ಣುಮಗಳು. ಕೈ ಹಿಡಿದು ನೋಡಿ ಹೇಳಿದರು, "ಭಾಳ ಹೆದರೂ ಹಂಗೇನಿಲ್ರಿ. ಧೂಳಿಂದು ಅಲರ್ಜಿ ಸ್ವಲ್ಪ ಐತಿ. ನಾಯಿದೂ ಸ್ವಲ್ಪ ಐತಿ."

ಗಂಡ ಮುಂದೆ ಬಾಗಿದರು. "ಸ್ವಲ್ಪ ಅಂದ್ರ ಎಷ್ಟ್ರೀ ಮೇಡಂ?"

"ಸ್ವಲ್ಪ ಅಂದ್ರ ಸ್ವಲ್ಪರಿ. ಅಳತಿ ಮಾಡಿ ಹೇಳಾಕ ಬರೂದಿಲ್ಲ."

ನಾನು ಕೇಳಬೇಕಾದದ್ದು ಬೇರೆಯೇ ಇತ್ತು. "ದಮ್ಮು ಆಗತೈತೇನ್ರಿ ನನಗ? ಅಪ್ಪಗ ಇತ್ತು," ಎಂದೆ. ಅವರು ಮತ್ತೊಮ್ಮೆ ಎದೆಗೆ ಯಂತ್ರ ಹಚ್ಚಿ, ಬೆನ್ನಿಗೆ ಹಚ್ಚಿ, ನಿಧಾನವಾಗಿ ಕೇಳಿದರು. "ಈಗ ಏನೂ ಇಲ್ರಿ. ಮತ್ತ ಸೀಟಿ ಕೇಳಿದ್ರ ತಡಾ ಮಾಡದ ಬರ್ರಿ. ಹಾಸಿಗಿ, ಹೊದಿಕಿ ಬಿಸಿನೀರಾಗ ಒಗೀರಿ, ನಾಯಿನ ಮಲಗೂ ಖೋಲ್ಯಾಗ ಬಿಡಬ್ಯಾಡ್ರಿ." ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವರು ನನ್ನ ಕೈ ಬಿಡಲಿಲ್ಲ. ಆ ಉಪಕಾರ ನಾನು ಮರೆಯುವುದಿಲ್ಲ.

ಆದರೆ ಬಸ್ಸು ಹತ್ತುವ ಹೊತ್ತಿಗೆ ಗೊಂದಲ ಶುರುವಾಯಿತು. ಧೂಳು ಅಂದರೆ ಯಾವ ಧೂಳು? ನನ್ನ ಖೋಲಿಯ ತುಂಬ ಇರುವುದು ಅರಿವೆಯ ಧೂಳೇ. ಹೊಸ ಬಟ್ಟೆಯ ಗಂಜಿ, ಹತ್ತಿಯ ಎಳೆ, ಕತ್ತರಿಸಿದ ತುಂಡು. ಬೇನೆ ಅರಿವೆಯದಾದರೆ ನಾನು ಮಷೀನು ಬಿಡಬೇಕು. ನಾಯಿಯದಾದರೆ ಭಂಡಾರಿ ಮನೆ ಬಿಡಬೇಕು. ಮಷೀನು ನನ್ನ ಕೈ, ಅದನ್ನು ಬಿಟ್ಟು ನಾನು ಏನು ಮಾಡಲಿ? ಭಂಡಾರಿಯನ್ನು ಬಿಟ್ಟು ಅತ್ತೆ ಏನು ಮಾಡಬೇಕು? ಯಾವುದು ಆಗಲಿ ಎಂದು ದೇವರಲ್ಲಿ ಬೇಡಿಕೊಳ್ಳಬೇಕೆಂಬುದೇ ನನಗೆ ತಿಳಿಯಲಿಲ್ಲ.

ಮನೆಯಲ್ಲಿ ಪಂಚಾಯತಿ ಕೂಡಿತು. ಸಹನಾ ಭಂಡಾರಿಯ ಕೊರಳು ತಬ್ಬಿ ಕೂತು, "ಅವ್ವಾ, ಅರಿವೀದs ಇರಬೇಕು. ಮಾಸ್ಕ್ ಹಾಕ್ಕೊಂಡು ಹೊಲಿ," ಎಂದಳು. ಗಂಡ, "ಎರಡೂ ಸ್ವಲ್ಪ ಅಂದಾರ, ಅಂದ್ರ ಎರಡೂ ಅಲ್ಲ," ಎಂದು ತಮ್ಮದೇ ಲೆಕ್ಕ ಹೇಳಿದರು. ಭಂಡಾರಿ ತನ್ನ ವಿಷಯವೇ ನಡೆದಿದೆ ಎಂದು ತಿಳಿದೋ ಏನೋ, ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ ಬಾಲ ಅಲ್ಲಾಡಿಸಿತು. ಕಡೆಗೆ ಅತ್ತೆ ಎದ್ದರು.

"ತಾಯಿ ಕೊಟ್ಟದ್ದ ಖರೆ. ಆದ್ರ ಸೊಸಿ ಉಸಿರಕಿಂತ ನಾಯಿ ದೊಡ್ಡದಲ್ಲ. ಈರಣ್ಣಾ, ನಾಳೆ ಸುರೇಬಾನಕ್ಕ ಬಿಟ್ಟು ಬಾ. ಸುವರ್ಣಾನ ಅಣ್ಣ ಚೊಲೋ ನೋಡ್ಕೋತಾನ."

ಇಷ್ಟು ವರ್ಷದ ಸಂಸಾರದಲ್ಲಿ ಅತ್ತೆ ಇದಕ್ಕೂ ಮೊದಲು ನನ್ನ ಎದುರಿಗೆ ನನ್ನ ಪರವಾಗಿ ಮಾತಾಡಿದ್ದು ನನಗೆ ನೆನಪಿಲ್ಲ. ಬೈಯುವಾಗಲೂ, ಹೊಗಳುವಾಗಲೂ ಗೋಡೆಗೆ ಹೇಳಿದ ಹಾಗೆ ಹೇಳುವವರು ಅವರು. ನನಗೆ ಅಳು ಬಂತು, ಮೂಗು ಇನ್ನಷ್ಟು ಕಟ್ಟಿತು. ಮರುದಿನ ಟೆಂಪೋದ ಮುಂದಿನ ಸೀಟಿನಲ್ಲಿ ಗಂಭೀರವಾಗಿ ಕೂತು ಭಂಡಾರಿ ಹೋಯಿತು. ಎಲ್ಲಿಗೋ ತಿರುಗಾಡಲು ಹೊರಟಿದ್ದೇವೆ ಎಂದು ಅದು ತಿಳಿದಿತ್ತು ಪಾಪ.

ಭಂಡಾರಿ ಹೋಯಿತು, ಸೀನು ಹೋಗಲಿಲ್ಲ. ಹೋಗುವುದಿರಲಿ, ಹೆಚ್ಚಾಯಿತು!

ಅತ್ತೆ ನನ್ನ ಆರೈಕೆಗೆ ನಿಂತರು. ದಿನಾ ಸಂಜೆ ಪಾತೇಲಿಯಲ್ಲಿ ತುಳಸಿ ಹಾಕಿ ನೀರು ಕುದಿಸಿ, ನನ್ನನ್ನು ಮುಂದೆ ಕೂಡ್ರಿಸಿ, ತಲೆಯ ಮೇಲಿಂದ ತಮ್ಮ ಹಳದಿ ಕೌದಿ ಹೊಚ್ಚಿ ಉಗಿ ಕೊಡುತ್ತಿದ್ದರು. ಕೌದಿ ಅಂದರೆ ಹಳೆಯ ಸೀರೆಗಳನ್ನು ಪದರು ಪದರಾಗಿ ಇಟ್ಟು ಕೈಯಿಂದ ಹೊಲಿದ ಹೊದಿಕೆ. ಅತ್ತೆಯ ಕೌದಿ ಅವರ ಮದುವೆಯ ಅರಿಷಿಣದ ಬಣ್ಣದ ಸೀರೆಯದು, ತಿರುಗಿ ತಿರುಗಿ ಉಪಯೋಗಿಸಿ ಹತ್ತಿಯ ಹಾಗೆ ಮೆತ್ತಗಾಗಿತ್ತು. "ಇದರಾಗ ಗಾಳಿ ಸುಳಿಯೂದಿಲ್ಲ, ಒಳಗ ಬಾಯಿ ತಗದು ಎಳಕೋ," ಎನ್ನುತ್ತಿದ್ದರು. ನಾನು ಎಳೆದುಕೊಳ್ಳುತ್ತಿದ್ದೆ. ಹೊರಗೆ ಬಂದ ಮೇಲೆ ಕಣ್ಣು ಕೆಂಡ, ಮೂಗು ನಲ್ಲಿ, ಸೀನಿಗೆ ಲೆಕ್ಕವಿಲ್ಲ.

"ರೋಗ ಹೊರಗ ಬರಾಕತ್ತೇತಿ ನೋಡು," ಎಂದು ಅತ್ತೆ ಸಮಾಧಾನದಿಂದ ಹೇಳುತ್ತಿದ್ದರು. ಮಲಗುವಾಗ ಅದನ್ನೇ ನನಗೆ ಹೊಚ್ಚಿ, ಸುತ್ತ ಸಿಕ್ಕಿಸಿ ಹೋಗುತ್ತಿದ್ದರು. ತಮಗೆ ಚಾದರ ಸಾಕಂತೆ. ಬಿಸಿನೀರಿನ ಮಾತು ನಾವು ಮರೆತಿರಲಿಲ್ಲ. ಚಾದರ, ದಿಂಬಿನ ಚೀಲ ಎಲ್ಲ ಕುದಿಸಿ ಒಗೆದಿದ್ದೆವು. ಆದರೆ ಕೌದಿಯನ್ನು ನಮ್ಮ ಕಡೆ ವರ್ಷಕ್ಕೊಮ್ಮೆ, ದಸರೆಗೆ ಘಟ ಹಾಕುವ ಮುಂಚೆ ಹೊಳೆಗೆ ಒಯ್ದು ಒಗೆಯುವುದು ರೂಢಿ. ನೀರು ಕುಡಿದ ಕೌದಿ ಎತ್ತಲು ಇಬ್ಬರು ಬೇಕು, ಒಣಗಲು ಖಡಕ್ ಬಿಸಿಲು ಬೇಕು. ಮಳೆಯಲ್ಲಿ ಒಗೆದರೆ ಕೊಳೆತು ಹೋದೀತು ಎಂದು ಯಾರೂ ಅದರ ತಂಟೆಗೆ ಹೋಗಿರಲಿಲ್ಲ.

"ನಾಯಿ ಇಲ್ಲ, ಆದರೂ ಕಡಿಮಿ ಇಲ್ಲ. ಅಂದ್ರ ಅರಿವೀದs," ಎಂದು ಗಂಡ ತೀರ್ಮಾನ ಮಾಡಿದರು. ನಾನು ಮಷೀನಿಗೆ ಬಟ್ಟೆ ಹೊದಿಸಿದೆ. ಹಬ್ಬದ ಮುಂದೆ, ಜಂಪರಿನ ಖಣದ ರಾಶಿ ಬರುವ ಹೊತ್ತಿನಲ್ಲಿ ಬಂದವರನ್ನೆಲ್ಲ ತಿರುಗಿ ಕಳಿಸಿದೆ. ಅಂಗಡಿಯೂ ಸುಮ್ಮನಾಯಿತು, ಮಂಚವೂ ಸುಮ್ಮನಾಯಿತು. ಅತ್ತೆ ರೊಟ್ಟಿ ತಟ್ಟುವಾಗ ರೂಢಿಯಂತೆ ಕೊನೆಗೊಂದು ಸಣ್ಣ ರೊಟ್ಟಿ ಭಂಡಾರಿಗೆಂದು ತಟ್ಟಿ, ನೆನಪಾದ ಮೇಲೆ ಅದನ್ನು ಮುರಿದು ಓಣಿಯ ಆಕಳಿಗೆ ಹಾಕುತ್ತಿದ್ದರು. ಇತ್ತ ನಾಯಿಯೂ ಇಲ್ಲ, ಅತ್ತ ಮಷೀನೂ ಇಲ್ಲ, ಸೀನು ಮಾತ್ರ ಮನೆಯ ಯಜಮಾನನ ಹಾಗೆ ಕೂತಿದೆ! ನನಗೆ ಹುಚ್ಚು ಹಿಡಿಯುವುದು ಬಾಕಿ. ಅಪ್ಪನ ಕಂಬ ಕಣ್ಣ ಮುಂದೆಯೇ ನಿಂತಿರುತ್ತಿತ್ತು.

ಮಳೆ ಬಿಟ್ಟಿತು. ಘಟ ಹಾಕುವ ದಿನ ಹತ್ತಿರ ಬಂತು. ಟೆಂಪೋದಲ್ಲಿ ಮನೆಯ ಕೌದಿಗಳನ್ನೆಲ್ಲ ಹೇರಿಕೊಂಡು ಮಲಪ್ರಭೆಯ ದಂಡೆಗೆ ಹೋದೆವು. ಸೋಡಾ ಹಾಕಿ ಕುದಿಸಿದ ನೀರನ್ನು ದೊಡ್ಡ ತಗಡಿನ ಬುಟ್ಟಿಗೆ ಸುರುವಿ, ಅತ್ತೆಯ ಕೌದಿಯನ್ನು ಮೊದಲು ನೆನೆಹಾಕಿದೆವು. ನೀರು ಆರಿದ ಮೇಲೆ ಸಹನಾ ಅದರಲ್ಲಿ ಇಳಿದು ತುಳಿಯತೊಡಗಿದಳು. ತುಳಿದ ಹಾಗೆಲ್ಲ ನೀರಿನ ಮೇಲೆ ಹಳದಿ ಕೂದಲು ಎದ್ದು ಬಂತು. ಮೊದಲು ಎಳೆ ಎಳೆ, ಆಮೇಲೆ ಮುದ್ದೆ ಮುದ್ದೆ. ಹಳದಿ ಸೀರೆಯ ಮೇಲಿನ ಹಳದಿ ಕೂದಲು, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಆಯೀ, ಇಲ್ಲಿ ನೋಡ, ಭಂಡಾರಿ ಬಂತು!" ಎಂದು ಸಹನಾ ಕೂಗಿದಳು.

ಅತ್ತೆ ಬಂದು ಬಗ್ಗಿ ನೋಡಿದರು. ಒಂದು ಹಿಡಿ ಕೂದಲನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡು ನಿಂತರು. ಅವರಿಗೆ ಎಲ್ಲ ಗೊತ್ತಾಯಿತೆಂದು ಅವರ ಮುಖ ನೋಡಿಯೇ ನನಗೂ ಗೊತ್ತಾಯಿತು. ನಾಯಿಯನ್ನು ದೂರ ಕಳಿಸಿ, ಅದು ಮಲಗಿದ ಕೌದಿಯನ್ನೇ ನನ್ನ ತಲೆಯ ಮೇಲೆ ಹೊಚ್ಚಿ, ಬಾಯಿ ತೆರೆದು ಎಳೆದುಕೋ ಎಂದಿದ್ದರಲ್ಲ!

"ನಾನs ಹೊಚ್ಚಿದ್ನಲ್ಲs ಯವ್ವಾ," ಎಂದರು ಅತ್ತೆ. "ನಿನಗ ಆರಾಮ ಆಗ್ಲೆಂತ ನಾನs ಹೊಚ್ಚಿದ್ನಲ್ಲ." ಹಾಗೇ ದಂಡೆಯ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟರು. ನನಗೆ ನಗು ತಡೆಯಲಾಗಲಿಲ್ಲ. ಅವರ ಪಕ್ಕ ಕೂತು ನಗುತ್ತ ನಗುತ್ತ ನಾನೂ ಅತ್ತುಬಿಟ್ಟೆ. ಗಂಡ ದೂರದಿಂದ ನೋಡಿ, ಏನೋ ಅನಾಹುತವಾಯಿತೆಂದು ಒಗೆಯುತ್ತಿದ್ದ ಕೌದಿ ಬಿಟ್ಟು ಓಡಿ ಬಂದರು. ಆ ಕೌದಿ ಹೊಳೆಯಲ್ಲಿ ತೇಲಿಹೋಗಿ, ಅದನ್ನು ಹಿಡಿಯಲು ಅವರು ಮತ್ತೆ ಓಡಬೇಕಾಯಿತು.

ಇಲ್ಲಿಗೆ ಎಲ್ಲ ಬಗೆಹರಿಯಿತು ಎನ್ನುತ್ತೀರೇನು? ಇಲ್ಲ. ಮುಂದಿನ ವಾರಗಳಲ್ಲಿ ಸೀನು ಇಳಿಯಿತು, ನಿಜ. ಆದರೆ ಕೌದಿ ಒಗೆದದ್ದಕ್ಕೋ, ಮಳೆ ಬಿಟ್ಟದ್ದಕ್ಕೋ, ಮಷೀನು ನಿಂತದ್ದಕ್ಕೋ? ಮೂರೂ ಕೂಡಿಯೇ ಆಗಿದ್ದವು. ಮಷೀನಿನ ಬಟ್ಟೆ ತೆಗೆದು, ಮಾಸ್ಕ್ ಹಾಕಿಕೊಂಡು ಹೊಲಿಯತೊಡಗಿದೆ. ಕೆಲವು ದಿನ ಒಂದೂ ಸೀನಿಲ್ಲ, ಕೆಲವು ದಿನ ನಾಲ್ಕೈದು. ಧಾರವಾಡದ ಡಾಕ್ಟರಿಗೆ ಕೌದಿಯ ಕಥೆ ಹೇಳಿದರೆ ಕುರ್ಚಿಗೆ ಒರಗಿ ನಕ್ಕರು. ಎದೆ ಸ್ವಚ್ಛ ಇದೆ ಎಂದರು. ಆಮೇಲೆ ನಾನು ಕೇಳಲು ಹೆದರುತ್ತಿದ್ದ ಮಾತನ್ನು ಗಂಡನೇ ಕೇಳಿದರು. "ನಾಯಿ ತಿರುಗಿ ತರಬೌದೇನ್ರಿ?"

"ತರ್ರಿ. ಆದ್ರ ಹಾಸಿಗಿ ಮ್ಯಾಲ ಬ್ಯಾಡ, ಮಲಗೂ ಖೋಲ್ಯಾಗ ಬ್ಯಾಡ. ಮುಟ್ಟಿದ್ರ ಕೈ ತೊಳಕೋರಿ. ಗುಳಿಗಿ ಬಿಡಬ್ಯಾಡ್ರಿ. ತ್ರಾಸ ಹೆಚ್ಚಾದ್ರ ಮತ್ತ ವಿಚಾರ ಮಾಡೂಣು."

ಅತ್ತೆ ಅಂದೇ ನನ್ನ ಅಂಗಡಿಯ ಮೂಲೆಯಿಂದ ಜಂಪರಿನ ತುಂಡುಗಳನ್ನು ಆರಿಸಿಕೊಂಡು ಒಂದು ಪುಟ್ಟ ಕೌದಿ ಹೊಲಿಯಲು ಕೂತರು. ಭಂಡಾರಿಗೇ ಬೇರೆ ಕೌದಿ, ಕಟ್ಟೆಯ ಮೇಲೆ ಹಾಸಲು. ಇದಕ್ಕೆ ದಸರೆಯ ದಾರಿ ಕಾಯುವುದಿಲ್ಲ, ವಾರವಾರ ಒಗೆಯುವುದು ಎಂದು ಗೋಡೆಗೆ ಹೇಳಿದರು. ಹಳದಿ ಬಣ್ಣದ ಒಂದು ತುಂಡನ್ನೂ ಅವರು ಅದರಲ್ಲಿ ಹಾಕಲಿಲ್ಲ. ಅಚ್ಚ ಕರಿ, ಅಚ್ಚ ನೀಲಿ, ಕೂದಲು ಬಿದ್ದರೆ ಕಾಣಬೇಕಂತೆ.

ಭಂಡಾರಿ ಬಂದ ಸಂಜೆ ಎಲ್ಲರೂ ಬಾಗಿಲಲ್ಲಿ ನಿಂತಿದ್ದೆವು. ಅಣ್ಣನ ಮನೆಯ ಹಾಲು ಕುಡಿದು ದಪ್ಪಗಾಗಿತ್ತು. ಟೆಂಪೋದಿಂದ ಹಾರಿ, ಓಣಿಯ ಮಣ್ಣು ಹಾರಿಸುತ್ತ ಬಂದು ಹೊಸ್ತಿಲ ಮೇಲೆ ಮುಂಗಾಲಿಟ್ಟಿತು. ಆಗಲೇ ನಾನು ಸೀನಿದೆ. ಒಂದೇ ಒಂದು.

ಭಂಡಾರಿಯ ಕಡೆಗೆ ಚಾಚಿದ ಸಹನಾಳ ಕೈ ಅಲ್ಲೇ ನಿಂತಿತು. ಗಂಡ ನೆಲ ನೋಡಿದರು. ಭಂಡಾರಿಯೂ ಒಂದು ಕಾಲು ಎತ್ತಿಕೊಂಡೇ ನಿಂತು ನನ್ನನ್ನು ನೋಡಿತು. ನಾಯಿಯೋ, ಓಣಿಯ ಮಣ್ಣೋ, ಬೆಳಗಿನಿಂದ ಹೊಲಿದ ಖಣವೋ, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಒಗ್ಗರಣಿ ಘಾಟು," ಎಂದೆ.

ಒಲೆ ಹೊತ್ತಿಸಿರಲಿಲ್ಲ. ಅಡುಗೆ ಮಾಡುವ ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದರು. ನನ್ನ ಮುಖವನ್ನೊಮ್ಮೆ ನೋಡಿದರು. ಒಳಗೆ ಹೋದರು. ಕಡ್ಡಿ ಗೀರಿದ ಸದ್ದು ಕೇಳಿತು, ಬಾಣಲೆಗೆ ಎಣ್ಣೆ ಬಿದ್ದದ್ದು ಕೇಳಿತು, ಅದರ ಹಿಂದೆಯೇ ಒಂದು ಹಿಡಿ ಕೆಂಪು ಮೆಣಸಿನಕಾಯಿ ಬಿದ್ದ ಸದ್ದು. ಘಾಟು ಪಡಸಾಲೆ ದಾಟಿ ಬಾಗಿಲಿಗೆ ಬಂತು. ಸಹನಾ ಸೀನಿದಳು, ಗಂಡ ಎರಡು ಸಲ ಸೀನಿದರು, ನಾನು ಮತ್ತೆ ಸೀನಿದೆ, ಕಡೆಗೆ ಭಂಡಾರಿಯೂ ತಲೆ ಕೊಡವಿ ಸೀನಿತು.

"ಈಗ ಎಷ್ಟಾದ್ವು?" ಎಂದು ಅತ್ತೆ ಒಳಗಿನಿಂದ ಕೆಮ್ಮುತ್ತ ಕೇಳಿದರು. "ಒಂಟಿ ಅಲ್ಲಲ್ಲ? ಮತ್ಯಾಕ ನಿಂತೀರಿ, ಒಳಗ ಕರಕೊಂಡು ಬರ್ರಿ ಅದನ್ನ."